ಮಹಡಿಯ ಕಿಟಕಿಯ ಕೂಗು

ನನ್ನ ಅಕ್ಕನ ಗಂಡ ಫೋಟೋಗಳಿಗೆ ಫ್ರೇಮ್ ಹಾಕುವವರು. ಮದುವೆಯ ಫೋಟೋ, ತೀರಿಹೋದವರ ಫೋಟೋ, ಓಟದಲ್ಲಿ ಗೆದ್ದ ಮಕ್ಕಳ ಸರ್ಟಿಫಿಕೇಟು, ಏನು ತಂದುಕೊಟ್ಟರೂ ಅಳತೆಗೆ ಸರಿಯಾಗಿ ಪಟ್ಟಿ ಕೊಯ್ದು, ಗಾಜು ಕೂರಿಸಿ, ಹಿಂದೆ ರಟ್ಟು ಹೊಡೆದು ಕೊಡುತ್ತಾರೆ. ಕೆಲಸದಲ್ಲಿ ಒಂದು ಮಾತು ಅನ್ನುವ ಹಾಗಿಲ್ಲ. ಆದರೆ ಮನುಷ್ಯರ ನಡುವೆ ಇವರಷ್ಟು ಪುಕ್ಕಲು ಇನ್ನೊಬ್ಬರಿಲ್ಲ ಎಂದು ನಾನು ಬಹಳ ವರ್ಷ ಅಂದುಕೊಂಡಿದ್ದೆ. ಅಕ್ಕನ ಎದುರಿಗೇ ಒಂದೆರಡು ಸಲ ಅಂದೂ ಬಿಟ್ಟು ಚೆನ್ನಾಗಿ ಬೈಸಿಕೊಂಡಿದ್ದೆ.

ಹಾಗೆ ಅನ್ನುವುದಕ್ಕೆ ಕಾರಣ ಅತ್ತೆ, ಅಂದರೆ ಭಾವನ ತಾಯಿ. ಅಕ್ಕನಿಗೆ ಅತ್ತೆಯಾದ್ದರಿಂದ ನಾನೂ ಅತ್ತೆ ಎಂದೇ ಕರೆಯುತ್ತೇನೆ. ಕರೆದರೆ ಅವರಿಗೆ ಕೇಳುವುದಿಲ್ಲ ಎನ್ನುವುದು ಬೇರೆ ಮಾತು. ಹುಟ್ಟಿನಿಂದಲೇ ಅವರಿಗೆ ಕಿವಿ ಕೇಳದು, ಹಾಗಾಗಿ ಮಾತೂ ಬರಲಿಲ್ಲ. ಗಂಡ ಬೇಗ ಹೋದ. ಪುಸ್ತಕಗಳಿಗೆ ಬೈಂಡ್ ಹಾಕಿ, ದಾರ ಎಳೆದೂ ಎಳೆದೂ ಬೆರಳಲ್ಲಿ ಗೆರೆ ಬಿದ್ದರೂ ಬಿಡದೆ, ಒಬ್ಬನೇ ಮಗನನ್ನು ಸಾಕಿದರು. ಅವರಿಬ್ಬರ ನಡುವೆ ಅವರದೇ ಒಂದು ಕೈಸನ್ನೆಯ ಭಾಷೆ ಬೆಳೆದಿದೆ. ಮನೆಯಲ್ಲಿ ಬಾಗಿಲು ಹಾಕಿಕೊಂಡರೆ ಭಾವ ಆ ಭಾಷೆಯಲ್ಲಿ ಎಷ್ಟು ಹರಟುತ್ತಾರೆಂದರೆ, ಊಟ ಆರಿಹೋಗುತ್ತದೆ ಎಂದು ಅಕ್ಕ ಗೊಣಗುತ್ತಾಳೆ.

ಬಾಗಿಲು ತೆರೆದರೆ ಆಯಿತು, ಭಾವನ ಕೈ ಜೇಬು ಸೇರುತ್ತದೆ. ಅಂಗಡಿಯಲ್ಲಿ ಗಿರಾಕಿ ಇದ್ದಾಗ ಅತ್ತೆ ಏನಾದರೂ ಕೇಳಿದರೆ ಮೇಜಿನ ಕೆಳಗಿಂದ ಎರಡು ಬೆರಳಲ್ಲಿ ಉತ್ತರ. ಬೀದಿಯಲ್ಲಿ ತಾಯಿಗಿಂತ ನಾಲ್ಕು ಹೆಜ್ಜೆ ಮುಂದೆ ನಡಿಗೆ. ಹೆಣ್ಣು ನೋಡಲು ನಮ್ಮ ಮನೆಗೆ ಬಂದಿದ್ದಾಗ, "ಅಮ್ಮನಿಗೆ ಗಂಟಲು ಕಟ್ಟಿದೆ, ಮಾತಾಡಲ್ಲ" ಎಂದಿದ್ದರು. ನಮ್ಮಮ್ಮ ಪಾಪ ಎಂದು ಬಿಸಿನೀರು ಕಾಯಿಸಿಕೊಟ್ಟಳು. ಅತ್ತೆ ಅದನ್ನು ನಗುನಗುತ್ತಾ ಕುಡಿದರು. ನಿಜ ಗೊತ್ತಾದಾಗ ನಮ್ಮಪ್ಪ ಹಾರಾಡಿದರು, ಕಿವುಡಿ ಎಂದಲ್ಲ, ಸುಳ್ಳು ಹೇಳಿದರು ಎಂದು. ಅಕ್ಕ ಮಾತ್ರ, "ಅದಕ್ಕೇನಂತೆ, ಅತ್ತೆ ಬೈದರೂ ನಂಗೆ ಕೇಳಿಸಲ್ಲ" ಎಂದು ಮದುವೆಯಾದಳು. ಒಂದೇ ವರ್ಷದಲ್ಲಿ ಸನ್ನೆ ಕಲಿತಳು, ನೋಡೀ ನೋಡೀ ನನಗೂ ಅರ್ಥವಾಗುವಷ್ಟು ಬಂತು. ಈಗ ಅತ್ತೆ ಸೊಸೆಯ ಜಗಳವೂ ಸನ್ನೆಯಲ್ಲೇ ನಡೆಯುತ್ತದೆ, ಪಾತ್ರೆಯ ಸದ್ದೊಂದು ಬಿಟ್ಟರೆ ಪಕ್ಕದ ಮನೆಗೆ ಸುಳಿವಿಲ್ಲ.

ಇನ್ನೊಂದು ವಿಷಯ ಹೇಳಬೇಕು. ನಾನು ಈ ಮನೆಯ ನೆಂಟನಾಗಿ ಇಷ್ಟು ವರ್ಷವಾದರೂ ಅತ್ತೆಯ ಗಂಟಲಿನಿಂದ ಸಣ್ಣದೊಂದು ಸ್ವರ ಹೊರಟಿದ್ದು ಕೇಳಿರಲಿಲ್ಲ. ಮೆಟ್ಟಿಲ ಮೇಲೆ ಜಾರಿ ಮಂಡಿ ಒಡೆದುಕೊಂಡಾಗಲೂ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಮೊಮ್ಮಗಳು ಹುಟ್ಟಿದಾಗ ಎತ್ತಿಕೊಂಡು ಕಣ್ಣೀರು ಸುರಿಸಿದರೇ ಹೊರತು ಒಂದು ಉಸಿರಿನ ಸದ್ದಿಲ್ಲ. ಮಾತು ಬಾರದವರು ಹೀಗೇ ಇರುತ್ತಾರೆ ಎಂದುಕೊಂಡು ನಾನು ಸುಮ್ಮನಿದ್ದೆ. ಎಷ್ಟು ದೊಡ್ಡ ತಪ್ಪು ತಿಳಿವಳಿಕೆ ಅದು ಎಂದು ಈಗ ಅನ್ನಿಸುತ್ತದೆ.

ಅಂಗಡಿಯ ಎದುರಿಗೆ ಹಳೆಯ ಎರಡಂತಸ್ತಿನ ಮನೆಯೊಂದಿದೆ. ಕೆಳಗೆ ಕಲ್ಲಿನ ಗೋಡೆ, ಮೇಲೆ ಮರದ ನೆಲ, ಬೀದಿಯ ಕಡೆಗೆ ಒಂದೇ ಒಂದು ಕಿಟಕಿ, ಅದಕ್ಕೂ ಮರದ ಕೊಂಬೆ ಅಡ್ಡ. ಒಂದು ಕಾಲಕ್ಕೆ ಕೆಳಗೆ ವಕೀಲರೊಬ್ಬರ ಆಫೀಸು ಇತ್ತಂತೆ. ಅವರು ಹೋದ ಮೇಲೆ ಮಕ್ಕಳಿಗೆ ಮಾರುವ ಮನಸ್ಸೂ ಇಲ್ಲ, ಬಂದು ಇರುವ ಮನಸ್ಸೂ ಇಲ್ಲ. ಬೀಗದ ಕೈಯನ್ನು ಎದುರಂಗಡಿಯವರೆಂದು ಭಾವನ ಹತ್ತಿರ ಕೊಟ್ಟಿದ್ದಾರೆ.

ಅದು ದೆವ್ವದ ಮನೆ. ಈ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಮಹಡಿಯ ಮೇಲೆ ಯಾವಳನ್ನೋ ನಾಲಿಗೆ ಕತ್ತರಿಸಿ ಕೂಡಿಹಾಕಿದ್ದರು, ಅವಳು ಸತ್ತ ಮೇಲೂ ಸಂಜೆಯಾದರೆ ಮಾತಿಲ್ಲದ ಬಾಯಲ್ಲಿ ಕೂಗುತ್ತಿದ್ದಳು, ದೀಪ ತಾನಾಗಿ ಹತ್ತಿ ಆರುತ್ತಿತ್ತು, ಮರದ ನೆಲದ ಮೇಲೆ ಧಪ್ ಧಪ್ ಎಂದು ಕಾಲು ಬಡಿಯುತ್ತಿದ್ದಳು. ಭಾವನ ಅಂಗಡಿಯ ಪಕ್ಕದಲ್ಲೇ ನನ್ನದೊಂದು ಸೈಕಲ್ ರಿಪೇರಿ ಅಂಗಡಿ ಇದೆ. ಪಂಕ್ಚರ್ ಹಾಕಿಸಲು ಬಂದವರು ಬೇಜಾರಾಗಿ ಕೂತರೆ ಈ ಕತೆಗೆ ಉಪ್ಪು ಖಾರ ಹಚ್ಚಿ ಹೇಳಿದವರಲ್ಲಿ ನಾನೂ ಒಬ್ಬ. ಭಾವ ಕೇಳಿಸಿಕೊಂಡರೂ ಕೇಳಿಸದವರ ಹಾಗೆ ಗಾಜು ಒರೆಸುತ್ತಿದ್ದರು.

ದೆವ್ವ ಹುಡುಕುವವರು ಈಚೆಗೆ ಬರತೊಡಗಿದರು. ಕ್ಯಾಮೆರಾ, ಮಿಣಕು ದೀಪದ ಯಂತ್ರ, ತಲೆಗೆ ಹೆಡ್‌ಫೋನು. ಭಾವನ ಹತ್ತಿರ ಬೀಗದ ಕೈ ಇಸಿದುಕೊಂಡು ಒಳಗೆ ಹೋಗುವುದು, ಗೋಡೆಯನ್ನು ಮಾತಾಡಿಸುವುದು, ಮೈತುಂಬ ಧೂಳು ಮಾಡಿಕೊಂಡು ಬಂದು ಏನೋ ಸಿಕ್ಕಿತು ಎನ್ನುವುದು. ಅವರಲ್ಲಿ ಒಂದು ತಂಡ ಮಾತ್ರ ಮತ್ತೆ ಮತ್ತೆ ಬಂತು. ಅದರ ಮುಖಂಡೆ ಒಬ್ಬ ಹುಡುಗಿ, ಒಳ್ಳೆಯವಳೇ, ಬಂದಾಗೆಲ್ಲ ಅತ್ತೆಗೆ ಕೈಮುಗಿಯುತ್ತಿದ್ದಳು. ಅವಳು ಒಂದು ಚಿತ್ರ ಬರೆಸಿ ಫ್ರೇಮಿಗೆ ತಂದಳು. ಕೆದರಿದ ಕೂದಲು, ಬಾಯಿಯ ಜಾಗದಲ್ಲಿ ಕಪ್ಪು ತೂತು, ಹಿಂದೆ ಆ ಕಿಟಕಿ. ಭಾವ ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೆಯ ದಿನ ಗಾಜು ಕೂರಿಸಿಟ್ಟರು, ಅತ್ತೆ ಅದನ್ನು ಒರೆಸಲು ಕೂತರು. ಒರೆಸುತ್ತಾ ಕಿಟಕಿಯನ್ನು ಗುರುತು ಹಿಡಿದು, ಬೆರಳಿಟ್ಟು, ನಮ್ಮ ಮನೆ ಎಂದು ಸನ್ನೆ ಮಾಡಿದರು. ಆಮೇಲೆ ಬಾಯಿಯ ತೂತಿನ ಮೇಲೆ ಬೆರಳಿಟ್ಟು, ಇದು ಯಾರು ಎಂದು ಕೇಳಿದರು. ಭಾವ ಯಾವುದೋ ಸಿನಿಮಾ ಎಂದು ತೋರಿಸಿ ಚಿತ್ರವನ್ನು ಕಸಿದುಕೊಂಡು ಒಳಗಿಟ್ಟರು. ನಮ್ಮ ಮನೆ ಎಂದಿದ್ದೇಕೆ ಎಂದು ನಾನು ಕೇಳಿದ್ದಕ್ಕೆ ನಿನಗ್ಯಾಕೆ ಎಂದರು.

ಅವರು ಆಮೇಲೆ ನನ್ನ ಹತ್ತಿರ ಹೇಳಿಕೊಂಡದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಮಹಡಿಯಲ್ಲಿ ಬಾಡಿಗೆಗೆ ಇದ್ದವರು ಅತ್ತೆ ಮತ್ತು ಆಗಿನ್ನೂ ಹುಡುಗನಾಗಿದ್ದ ಭಾವ. ಮೆಟ್ಟಿಲು ಹಿಂದಿನ ಓಣಿಯ ಕಡೆಗೆ. ಹಾಗಾಗಿ ಮುಂದಿನ ಬೀದಿಯವರ ಪಾಲಿಗೆ ಮಹಡಿ ಖಾಲಿ, ಹುಡುಗ ಹಿಂದಿನ ಓಣಿಯವನು. ಕಿವಿ ಕೇಳದವರಿರುವ ಮನೆಯಲ್ಲಿ ಕರೆಯುವುದು ಹೇಗೆ? ದೂರದಿಂದಲೇ ದೀಪ ಹಾಕಿ ಆರಿಸಿದರೆ ತಿರುಗಿ ನೋಡುತ್ತಾರೆ, ಮರದ ನೆಲಕ್ಕೆ ಕಾಲು ಬಡಿದರೆ ಅಂಗಾಲಿಗೆ ನೆಲ ಅದುರುವುದು ತಿಳಿಯುತ್ತದೆ. ಅಮ್ಮ ಮಗ ಹಾಗೆ ಒಬ್ಬರನ್ನೊಬ್ಬರು ಕರೆಯುತ್ತಿದ್ದರು. ಹೊರಗೆ ಆಡಲು ಹೋದ ಹುಡುಗನಿಗೆ ದೀಪ ಕಾಣದು, ನೆಲದ ಸದ್ದು ಮುಟ್ಟದು. ಆಗ ಅತ್ತೆ ಕಿಟಕಿಗೆ ಬಂದು ಬಾಯಿ ತೆರೆದು ಕೂಗುತ್ತಿದ್ದರು. ಕೆಳಗಿನಿಂದ ಎದ್ದು, ಎಳೆದು, ಕೊನೆಗೆ ಮೇಲೇರುವ ಒಂದು ಕೂಗು. ಮಗನಿಗೆ ಮಾತ್ರ ಇಟ್ಟ ಕೂಗು ಅದು. ಅದನ್ನು ಕೇಳಿ ಹುಡುಗ ಓಡಿ ಬಂದಾಗೆಲ್ಲ, ತನ್ನ ಬಾಯಿಂದ ಹೊರಟಿದ್ದು ಎಲ್ಲೋ ಹೋಗಿ ಮುಟ್ಟಿತಲ್ಲ ಎಂದು ಅವರಿಗೆ ಹಿಗ್ಗು.

ಹುಡುಗ ಹೊಸ ಶಾಲೆಗೆ ಸೇರಿದ್ದ. ಗೆಳೆಯರ ಜೊತೆ ಬೀದಿಯಲ್ಲಿ ಬರುವಾಗ ಆ ಕೂಗು ಕೇಳಿತು. ಒಬ್ಬ, "ಏನೋ ಅದು, ಪ್ರಾಣಿನಾ?" ಎಂದ. ಇನ್ನೊಬ್ಬ ಅದನ್ನು ಅಣಕಿಸಿದ. ಹುಡುಗನ ಮುಖ ಬೆಂಕಿಯಾಯಿತು. ನಮ್ಮಮ್ಮ ಎನ್ನಬೇಕಿತ್ತು. "ದೆವ್ವ ಕಣ್ರೋ, ಆ ಮನೆ ಮೇಲೆ ದೆವ್ವ ಇದೆ" ಎಂದುಬಿಟ್ಟ. ಗೆಳೆಯರು ಕಾಲಿಗೆ ಬುದ್ಧಿ ಹೇಳಿದರು. ಅಷ್ಟಕ್ಕೇ ಮುಗಿಯುತ್ತದೆ ಎಂದುಕೊಂಡ. ಮುಗಿಯಲಿಲ್ಲ.

ಸುದ್ದಿ ಹಬ್ಬಿ ಇನ್ನೊಂದು ಬಡಾವಣೆಯ ರೇಡಿಯೋ ರಿಪೇರಿಯವನೊಬ್ಬ ಟೇಪ್ ರೆಕಾರ್ಡರ್ ಹೊತ್ತು ಬಂದ. ಸಂಜೆ ಮರದ ಕೆಳಗೆ ಜನ ಸೇರಿದರು. ಶಾಲೆ ಬಿಟ್ಟ ಮಕ್ಕಳೂ ಸೇರಿದರು, ಅವರ ನಡುವೆ ಹುಡುಗನೂ ನಿಂತಿದ್ದ. ಅತ್ತೆ ಕೂಗಿದರು. ಮಗ ಬರಲಿಲ್ಲ. ಮತ್ತೆ ಕೂಗಿದರು, ಮತ್ತೆ, ಆಮೇಲೆ ಗಾಬರಿಯಿಂದ ಕಾಲು ಬಡಿದರು. ಕರೆಯುವುದು ತನ್ನನ್ನೇ ಎಂದು ಗೊತ್ತಿದ್ದೂ ಹುಡುಗ ಕದಲಲಿಲ್ಲ. ಕದಲಿದರೆ ಎಲ್ಲರಿಗೂ ತಿಳಿಯುತ್ತದೆ. ಜನ ಚೀರಿ ಓಡಿದಾಗ ಅವನೂ ಅವರ ಜೊತೆ, ತನ್ನ ತಾಯಿಗೆ ಬೆನ್ನು ಹಾಕಿ ಓಡಿದ.

ಕತ್ತಲಾಗುವ ಹೊತ್ತಿಗೆ ಹಿಂದಿನ ಮೆಟ್ಟಿಲು ಹತ್ತಿ ಹೋಗಿ ತಾಯಿಗೆ ಇನ್ನೊಂದು ಸುಳ್ಳು ಹೇಳಿದ. ನಿನ್ನ ದನಿ ಕೆಟ್ಟದಾಗಿದೆಯಂತೆ, ಅಕ್ಕಪಕ್ಕದವರು ಬೈತಾರೆ, ಇನ್ನು ಕೂಗಬೇಡ. ಯಾರು ಬೈದರು ಎಂದು ಅತ್ತೆ ಕೇಳಿದರು. ಹುಡುಗನಿಗೆ ತೋಚಿದ್ದು ಮೂಲೆಮನೆ. ಆ ಮನೆಯಾಕೆಯ ಅಡುಗೆಮನೆ ಕಿಟಕಿಗೆ ಈ ಮೆಟ್ಟಿಲು ಕಾಣುತ್ತಿತ್ತು, ಅಮ್ಮನ ಜೊತೆ ದಿನಾ ಕೈಬೀಸುತ್ತಿದ್ದವರು ಅವರೊಬ್ಬರೇ. ಬೆರಳು ಅತ್ತ ತೋರಿಸಿದ. ಅತ್ತೆ ಬಹಳ ಹೊತ್ತು ಆ ಕಡೆ ನೋಡಿ ಕಿಟಕಿ ಮುಚ್ಚಿದರು. ಅವತ್ತಿನಿಂದ ಬಾಯಿಂದ ಒಂದು ಸ್ವರ ತೆಗೆಯಲಿಲ್ಲ. ಮೂಲೆಮನೆಯಾಕೆ ಎದುರಾದರೆ ಮುಖ ತಿರುಗಿಸುತ್ತಿದ್ದರು, ಮೊನ್ನೆಮೊನ್ನೆಯವರೆಗೂ. ಪಾಪ, ಆಕೆ ಈ ಮುದಿ ವಯಸ್ಸಿನಲ್ಲೂ ಕೈಬೀಸುತ್ತಿದ್ದರು. ಇವರು ಕಾಣದವರ ಹಾಗೆ ಹೋಗುತ್ತಿದ್ದರು. ಎಂಥ ಜಂಭ ಎಂದು ನಾನೇ ಅತ್ತೆಯನ್ನು ಒಳಗೊಳಗೇ ಅಂದುಕೊಂಡದ್ದಿದೆ.

ಚಿತ್ರ ಕೊಂಡುಹೋಗಲು ಬಂದ ದಿನ ಆ ಹುಡುಗಿ ಕಣ್ಣರಳಿಸಿ ಸುದ್ದಿ ಹೇಳಿದಳು. "ಅಣ್ಣ, ಒಂದು ಹಳೇ ಕ್ಯಾಸೆಟ್ ಸಿಕ್ಕಿದೆ. ಯಾರೋ ರೇಡಿಯೋ ರಿಪೇರಿಯವರ ಮಗ ಕೊಟ್ರು. ಅವಳ ದನಿ ಅಷ್ಟು ಸ್ಪಷ್ಟವಾಗಿದೆ. ಶನಿವಾರ ಸಂಜೆ ಮನೆ ಮುಂದೇನೇ ಸ್ಪೀಕರಿಟ್ಟು ಹಾಕ್ತೀವಿ. ನೀವು ಬಾಗಿಲು ತೆಗೆದುಕೊಡ್ಬೇಕು."

ಭಾವನ ಕೈಯಲ್ಲಿ ಗಾಜು ಕೊಯ್ಯುವ ಕಡ್ಡಿ ಇತ್ತು. ಅದನ್ನು ಕೆಳಗಿಟ್ಟರು. "ಬೇಡಮ್ಮ. ಯಾಕೆ ಅದೆಲ್ಲ" ಎಂದರು.

"ಯಾಕಣ್ಣ, ಹೆದರಿಕೆನಾ?"

"ಹೌದು" ಎಂದರು ಭಾವ. ಅವರು ಬಾಯಿಬಿಟ್ಟು ನಿಜ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲಿರಬೇಕು. ನಾನು ನಕ್ಕೆ.

ಶನಿವಾರದವರೆಗೂ ಭಾವ ಸರಿಯಾಗಿ ಉಣ್ಣಲಿಲ್ಲ ಎಂದು ಅಕ್ಕ ಹೇಳಿದಳು. ಬೀಗದ ಕೈ ಕಳೆದಿದೆ ಎನ್ನಬಹುದಿತ್ತು, ಅದಕ್ಕೂ ಧೈರ್ಯ ಬೇಕು. ಸಂಜೆ ಬೀದಿ ತುಂಬ ಜನ. ಮನೆಯ ಜಗಲಿಯ ಮೇಲೆ ದೊಡ್ಡ ಸ್ಪೀಕರು, ಅದರ ಪಕ್ಕ ಫ್ರೇಮ್ ಹಾಕಿದ ಆ ಚಿತ್ರ. ಜನ ಕಂಡರೆ ಅತ್ತೆಗೆ ಖುಷಿ. ಮೊಮ್ಮಗಳ ಕೈ ಹಿಡಿದು ಬಂದು ಮುಂದೆಯೇ ನಿಂತರು. ಭಾವ ಅವರನ್ನು ಕಂಡು, "ಅಜ್ಜೀನ ಯಾಕೆ ಕರ್ಕೊಂಡು ಬಂದೆ? ಮನೆಗೆ ಕರ್ಕೊಂಡು ಹೋಗು" ಎಂದು ಮಗಳಿಗೆ ಗದರಿದರು. ನಮ್ಮ ಹುಡುಗಿ ಅಕ್ಕನ ಮಗಳೇ ತಾನೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ಕ್ಯಾಸೆಟ್ ಗರಗರ ಎಂದಿತು. ಆಮೇಲೆ ಆ ಕೂಗು. ಆ ಕತೆಯನ್ನು ಅಷ್ಟು ಸಲ ಹೇಳಿದ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ. ಹೆಂಗಸರು ಒಬ್ಬರನ್ನೊಬ್ಬರು ಹಿಡಿದುಕೊಂಡರು. ಯಾರೋ ಮಗುವಿನ ಕಿವಿ ಮುಚ್ಚಿದರು. ನಾಲ್ಕನೆಯದೋ ಐದನೆಯದೋ ಕೂಗಾದ ಮೇಲೆ ಧಪ್ ಧಪ್ ಸದ್ದು. ಇಷ್ಟೆಲ್ಲದರ ನಡುವೆ ಅತ್ತೆ ಒಬ್ಬರೇ ಸುತ್ತಲಿನ ಮುಖಗಳನ್ನು ನೋಡುತ್ತಾ ನಗುತ್ತಿದ್ದರು. ಭಾವನ ತೋಳು ಜಗ್ಗಿ, ಏನು ಕೇಳ್ತಾ ಇದೆ ಎಂದು ಸನ್ನೆ ಮಾಡಿದರು.

ಏನಿಲ್ಲ ಎಂದರು ಭಾವ, ಸೊಂಟದ ಮಟ್ಟದಲ್ಲಿ, ಎರಡು ಬೆರಳಲ್ಲಿ.

ತಂಡದ ಹುಡುಗಿ ಟೇಪ್ ನಿಲ್ಲಿಸಿ, ಮೈಕು ಹಿಡಿದು ಮೇಲಿನ ಕಿಟಕಿಯ ಕಡೆ ತಿರುಗಿದಳು. "ತಾಯಿ, ನೀನು ಯಾರನ್ನೋ ಕರೀತಾ ಇದೀಯ. ಯಾರನ್ನ ಅಂತ ನಮಗೆ ಗೊತ್ತಿಲ್ಲ. ಅವರು ಯಾಕೆ ಬರ್ಲಿಲ್ಲ ಅಂತಾನೂ ಗೊತ್ತಿಲ್ಲ. ಇದೀಯಾ ಅಂದ್ರೆ ಹೇಳು."

"ನನ್ನನ್ನ" ಎಂದರು ಭಾವ.

ಯಾರಿಗೂ ಅರ್ಥವಾಗಲಿಲ್ಲ. ಅವರು ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದರು. "ಕರೀತಾ ಇರೋದು ನನ್ನನ್ನ. ಅದು ನಮ್ಮಮ್ಮ. ಇಲ್ಲೇ ಇದಾಳೆ. ಕಿವಿ ಕೇಳಲ್ಲ, ಅದಕ್ಕೆ ದನಿ ಹಾಗಿದೆ. ನಾನು ಇಲ್ಲೇ ಮರದ ಕೆಳಗೆ ನಿಂತಿದ್ದೆ, ಹೋಗ್ಲಿಲ್ಲ. ದೆವ್ವ ಅಂತ ಮೊದಲು ಹೇಳಿದ್ದೂ ನಾನೇ."

ಯಾರೋ ಹಿಂದೆ ಕಿಸಕ್ಕೆಂದು ನಕ್ಕು ನಿಲ್ಲಿಸಿದರು. ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು, ಅಷ್ಟು ವರ್ಷ ಆ ಕತೆ ಹೇಳಿ ಗಿರಾಕಿಗಳನ್ನು ನಗಿಸಿದ್ದ ನನಗೆ. ತಂಡದ ಹುಡುಗಿ ಮೈಕು ಆರಿಸಿದಳು. ಚಿತ್ರವನ್ನು ಎತ್ತಿ ಗೋಡೆಯ ಕಡೆಗೆ ತಿರುಗಿಸಿಟ್ಟಳು. ಅವಳ ಕಣ್ಣು ತುಂಬಿತ್ತು, ಪಾಪ ಅವಳದೇನು ತಪ್ಪು.

ನಮ್ಮ ಹುಡುಗಿ ಅಪ್ಪನನ್ನೇ ನೋಡುತ್ತಿದ್ದಳು. "ಅಜ್ಜಿ ದನಿನಾ?" ಎಂದಳು. "ಅಜ್ಜಿಗೆ ದನಿ ಇತ್ತಾ?" ಅವಳು ಅದನ್ನು ಕೇಳಿದ ರೀತಿಗೆ ಭಾವನಿಗೆ ಅವಳ ಕಡೆ ತಲೆಯೆತ್ತಲಾಗಲಿಲ್ಲ.

ಅತ್ತೆಗೆ ಈಗ ಏನೋ ನಡೆದಿದೆ ಎಂದು ತಿಳಿದಿತ್ತು. ಭಾವ ಅವರ ಎದುರು ನಿಂತು, ಬೀದಿಯವರೆಲ್ಲ ನೋಡುತ್ತಿರುವಾಗ, ಹೇಳಿದರು. ಅದು ನಿನ್ನ ದನಿ. ನೀನು ನನ್ನನ್ನ ಕರೀತಿದ್ದ ದನಿ. ಅತ್ತೆ ನಂಬಲಿಲ್ಲ. ಸ್ಪೀಕರಿನ ಹತ್ತಿರ ಹೋಗಿ ಅಂಗೈ ಇಟ್ಟರು. ತಂಡದ ಹುಡುಗಿ ಯಾರೂ ಹೇಳದೆಯೇ ಮತ್ತೆ ಟೇಪ್ ಹಾಕಿದಳು. ತಮ್ಮ ಕೂಗು ತಮ್ಮ ಅಂಗೈಯಲ್ಲಿ ಅದುರುವುದನ್ನು ಅತ್ತೆ ಕೊನೆಯವರೆಗೂ ತಡವಿ ನೋಡಿದರು. ಮುಗಿದ ಮೇಲೆ ಮಗನ ಕಡೆ ತಿರುಗಿ ಕೇಳಿದರು: ಇಷ್ಟು ಸಲ ಕರೆದಿದೀನಲ್ಲ, ನೀನು ಬರಲಿಲ್ಲವಾ?

ಬರಲಿಲ್ಲ.

ಇವರು ಯಾಕೆ ಹೆದರಿದರು?

ದೆವ್ವ ಅಂತ ನಾನು ಹೇಳಿದ್ದೆ. ನಿನ್ನ ದನಿ ಅಂತ ಹೇಳೋಕೆ ನಾಚಿಕೆ ಆಯ್ತು.

ಅತ್ತೆ ಬೆರಳನ್ನು ಮೂಲೆಮನೆಯ ಕಡೆ ಚಾಚಿದರು. ಅವಳು?

ಅವರು ಏನೂ ಅಂದಿಲ್ಲ ಎಂದರು ಭಾವ. ಯಾರೂ ಬೈದಿಲ್ಲ. ನಾನೇ.

ಒಂದು ಏಟು ಹಾಕಿದ್ದರೆ ಭಾವನಿಗೆ ಹಗುರವಾಗುತ್ತಿತ್ತೇನೋ. ಅತ್ತೆ ಹೊಡೆಯಲಿಲ್ಲ, ಅಳಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಮೂಲೆಮನೆಯ ಕಡೆ ಹೊರಟರು. ಭಾವ ಹಿಂದೆ ಹೋಗಲು ನೋಡಿದಾಗ ಕೈ ಅಡ್ಡ ಹಿಡಿದು, ನೀನು ಬೇಡ ಎಂದು ಮೊಮ್ಮಗಳನ್ನು ಕರೆದುಕೊಂಡರು. ಮೂಲೆಮನೆಯಾಕೆ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಇದನ್ನೆಲ್ಲ ನೋಡುತ್ತಿದ್ದರು. ಅತ್ತೆ ಅವರ ಮುಂದೆ ಬಗ್ಗಿ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಬಿಟ್ಟು, ನಿಧಾನವಾಗಿ ಸನ್ನೆ ಮಾಡತೊಡಗಿದರು. ಮೊಮ್ಮಗಳು ಅದನ್ನು ಮಾತಿನಲ್ಲಿ ಹೇಳಿದಳು.

"ಇಷ್ಟು ವರ್ಷ ನಿಮ್ಮ ಮೇಲೆ ಸಿಟ್ಟಿಟ್ಕೊಂಡಿದ್ದೆ ಅಂತಾರೆ ಅಜ್ಜಿ. ನೀವು ಕೈಬೀಸಿದ್ರೂ ನೋಡ್ತಾ ಇರ್ಲಿಲ್ಲ. ತಪ್ಪು ನಂದು, ಕ್ಷಮಿಸಿಬಿಡಿ ಅಂತಾರೆ."

ನಾನು ಭಾವನ ಪಕ್ಕದಲ್ಲಿದ್ದೆ. ತಾವು ಮಾಡಿದ್ದಕ್ಕೆ ತಾಯಿ ಕ್ಷಮೆ ಕೇಳುವುದನ್ನು ಅವರು ನಿಂತು ನೋಡಬೇಕಾಯಿತು. ಅವರ ಕುತ್ತಿಗೆಯವರೆಗೂ ಕೆಂಪೇರಿತ್ತು.

ಮೂಲೆಮನೆಯಾಕೆ ತಲೆಯಾಡಿಸಿದರು. "ಅಯ್ಯೋ, ನಂಗೇನು ಕೋಪ ಇಲ್ಲಮ್ಮ. ದೆವ್ವ ಅಲ್ಲ ಕಣ್ರೋ, ಹುಡುಗನ ತಾಯಿ ಅಂತ ನಾನೂ ಹೇಳಿ ನೋಡಿದೆ, ಯಾರು ಕೇಳ್ತಾರೆ. ದಿನಾ ಸಂಜೆ ನಿಮ್ಮಜ್ಜಿ ಕೂಗಿದ ಮೇಲೇ ನಾನು ಒಲೆ ಹಚ್ತಾ ಇದ್ದಿದ್ದು. ಒಂದು ದಿನ ಕೂಗು ನಿಂತುಹೋಯ್ತು. ಇನ್ನು ಕರೆಯೋ ಅಗತ್ಯ ಇಲ್ಲ, ಹುಡುಗ ದೊಡ್ಡವನಾದ ಅಂತ ಕಾಣುತ್ತೆ ಅಂದ್ಕೊಂಡೆ."

ನಮ್ಮ ಹುಡುಗಿ ಅದನ್ನು ಅಜ್ಜಿಗೆ ಹೇಳಲು ಕೈಯೆತ್ತಿ, ಅರ್ಧಕ್ಕೇ ಇಳಿಸಿದಳು. ಬೀದಿಯ ಈಚೆ ನಿಂತಿದ್ದ ಅಪ್ಪನ ಕಡೆ ತಿರುಗಿ, "ಇದನ್ನ ನೀನೇ ಬಂದು ಹೇಳಪ್ಪ" ಎಂದಳು.

ಜನ ಸರಿದು ದಾರಿ ಬಿಟ್ಟರು. ಭಾವ ಹೋಗಿ ತಾಯಿಯ ಎದುರು ನಿಂತು ಆಕೆ ಹೇಳಿದ್ದನ್ನು ಒಂದೊಂದಾಗಿ ಹೇಳತೊಡಗಿದರು. ದಿನಾ ಕೇಳುತ್ತಿದ್ದರಂತೆ. ಆಮೇಲೆ ಒಲೆ ಹಚ್ಚುತ್ತಿದ್ದರಂತೆ. ಒಂದು ದಿನ ನಿಂತಿತಂತೆ. ಹುಡುಗ ಎನ್ನುವವರೆಗೂ ಬಂದು, ದೊಡ್ಡವನಾದ ಎನ್ನಬೇಕಾದಲ್ಲಿ ಅವರ ಕೈ ನಿಂತುಬಿಟ್ಟಿತು. ಅತ್ತೆ ಮುಂದಿನದಕ್ಕಾಗಿ ಅವರ ಕೈಯನ್ನೇ ನೋಡುತ್ತಾ ನಿಂತಿದ್ದರು.